ಅರ್ಧಕ್ಕೆ ಬಿಟ್ಟವರ ಲೆಕ್ಕ ಇಟ್ಟ ಮೇಷ್ಟ್ರು

ಮನೆಯಲ್ಲಿ ಜೀವವಿಮೆ ಪಾಲಿಸಿ ಬಗ್ಗೆ ಮಾತು ಬಂದರೆ ಒಂದು ಪದ ಗ್ಯಾರಂಟಿ ಕಿವಿಗೆ ಬೀಳುತ್ತೆ: ಸರೆಂಡರ್ ವ್ಯಾಲ್ಯೂ. ಇಪ್ಪತ್ತು ವರ್ಷ ಕಟ್ಟಬೇಕಾದ ಪಾಲಿಸಿಯನ್ನು ಏಳನೇ ವರ್ಷಕ್ಕೇ ನಿಲ್ಲಿಸಿದರೆ ಕೈಗೆ ಎಷ್ಟು ವಾಪಸ್ ಬರುತ್ತೆ ಅನ್ನೋ ಲೆಕ್ಕ ಅದು. ಈ ಪದಕ್ಕೂ ಇಂಗ್ಲಿಷ್ ಪಾಠಕ್ಕೂ ಏನಾದರೂ ಸಂಬಂಧ ಇರಬಹುದು ಅಂತ ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ಆದರೆ ಸುಮಾರು ನೂರು ವರ್ಷದ ಹಿಂದೆ ಢಾಕಾದಲ್ಲಿದ್ದ ಒಬ್ಬ ಮೇಷ್ಟ್ರು ಈ ಪದವನ್ನು ವಿಮೆಯಿಂದ ಎತ್ತಿಕೊಂಡು ತರಗತಿಯೊಳಗೆ ತಂದರು. ಅವರ ಹೆಸರು ಮೈಕಲ್ ವೆಸ್ಟ್. ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ಶಾಸ್ತ್ರದಲ್ಲಿ ಇವತ್ತು ಬಳಕೆಯಲ್ಲಿರುವ ಪದಗಳಲ್ಲಿ ಒಂದಷ್ಟು ಇವರ ಕೈಯಿಂದ ಬಂದವು. ಆ ಪದಗಳನ್ನು ಓದ್ತಾ ಓದ್ತಾ ನಮಗೆ ಅವರ ಜೀವನವೇ ಕುತೂಹಲ ಹುಟ್ಟಿಸಿತು.

ವೆಸ್ಟ್ ಹುಟ್ಟಿದ್ದು 1888ರಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಓದಿ, 1912ರಲ್ಲಿ ಇಂಡಿಯನ್ ಎಜುಕೇಶನ್ ಸರ್ವಿಸ್ ಸೇರಿ ಬಂಗಾಳಕ್ಕೆ ಬಂದರು. ಮುಂದಿನ ಇಪ್ಪತ್ತು ವರ್ಷ ಅವರ ಕೆಲಸ ಇಲ್ಲಿಯೇ. ಢಾಕಾದ ಟೀಚರ್ಸ್ ಟ್ರೇನಿಂಗ್ ಕಾಲೇಜಿಗೆ ಪ್ರಿನ್ಸಿಪಾಲ್ ಆದರು. ಅಂದರೆ ಅವರು ಮಕ್ಕಳಿಗೆ ಪಾಠ ಮಾಡುವವರಿಗೇ ಪಾಠ ಮಾಡುತ್ತಿದ್ದರು. ಬ್ರಿಟಿಷ್ ಸರ್ಕಾರದ ಅಧಿಕಾರಿ, ನಿಜ. ಆದರೆ ಕಚೇರಿಯಲ್ಲಿ ಕೂತು ಸುತ್ತೋಲೆ ಕಳಿಸುವ ಅಧಿಕಾರಿ ಅಲ್ಲ. ಶಾಲೆಗೆ ಹೋಗಿ, ಹುಡುಗರ ಕೈಗೆ ಪುಸ್ತಕ ಕೊಟ್ಟು, ಎಷ್ಟು ಅರ್ಥ ಆಯ್ತು ಅಂತ ಟೆಸ್ಟ್ ಮಾಡಿ ಅಳೆದು ನೋಡುವ ಅಭ್ಯಾಸ ಅವರದು.

1923ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಶಿಕ್ಷಣ ಸಮ್ಮೇಳನ ನಡೆದಾಗ ದ್ವಿಭಾಷಿಕತೆಯ ಪ್ರಶ್ನೆ ಎದ್ದಿತು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಅನ್ನೋ ಮಕ್ಕಳಿಗೆ ನಿಜವಾಗಿ ಏನಾಗುತ್ತೆ ಅನ್ನೋದಕ್ಕೆ ಯಾರ ಹತ್ತಿರವೂ ಸರಿಯಾದ ಮಾಹಿತಿ ಇರಲಿಲ್ಲ. ಅಭಿಪ್ರಾಯ ಮಾತ್ರ ಎಲ್ಲರ ಹತ್ತಿರವೂ ಇತ್ತು. ವೆಸ್ಟ್ ಬಂಗಾಳವನ್ನೇ ಉದಾಹರಣೆಯಾಗಿ ಹಿಡಿದು ಈ ಪ್ರಶ್ನೆಯ ಮೇಲೆ ಕೆಲಸ ಶುರು ಮಾಡಿದರು. 1926ರಲ್ಲಿ ಅವರ ದೊಡ್ಡ ವರದಿ ಕಲ್ಕತ್ತಾದಲ್ಲಿ ಅಚ್ಚಾಯಿತು. ಅದರ ಹೆಸರು ಬೈಲಿಂಗ್ವಲಿಸಂ, ಬಂಗಾಳಕ್ಕೆ ವಿಶೇಷವಾಗಿ ಅನ್ವಯಿಸಿದ್ದು.

ಆ ವರದಿಯಲ್ಲಿ ಅವರು ಕೇಳಿಕೊಂಡ ಮೊದಲ ಪ್ರಶ್ನೆ ನಮಗೆ ತುಂಬಾ ಹಿಡಿಸಿತು. ಬಂಗಾಳದ ಹುಡುಗನಿಗೆ ಇಂಗ್ಲಿಷ್ ಯಾಕೆ ಬೇಕು? ಇದು ಬೇಕಾ ಬೇಡವಾ ಅನ್ನೋ ಜಗಳ ಅಲ್ಲ, ಯಾವ ಕೆಲಸಕ್ಕೆ ಬೇಕು ಅನ್ನೋ ವಿಚಾರಣೆ. ಅವರ ಉತ್ತರ ಹೀಗಿತ್ತು. ಬಂಗಾಳಿಯಲ್ಲಿ ಕಾವ್ಯ ಇದೆ, ಕಥೆ ಇದೆ, ಮನಸ್ಸಿನ ಮಾತಿಗೆ ಅದು ಸಾಕಷ್ಟು ದೊಡ್ಡ ಭಾಷೆ. ಆದರೆ ಕೃಷಿ, ವೈದ್ಯ, ಯಂತ್ರ, ವಿಜ್ಞಾನ ಅಂತ ಹೋದರೆ ಪುಸ್ತಕ ಸಿಗೋದು ಕಷ್ಟ. ಹಾಗಾಗಿ ಅಂಥ ಮಾಹಿತಿ ಬೇಕಾದಾಗ ಆ ಹುಡುಗ ಇಂಗ್ಲಿಷ್ ಪುಸ್ತಕ ತೆರೆಯಬೇಕು. ಮಾತಾಡುವ ಸಂದರ್ಭ ಅವನಿಗೆ ಬರೋದು ಅಪರೂಪ. ಹಳ್ಳಿಯಲ್ಲಿ ಇರುವವನು ಇಂಗ್ಲಿಷ್ ಮಾತಾಡೋದಾದರೂ ಯಾರ ಜೊತೆ? ಹಾಗಾಗಿ ಮೊದಲು ಕಲಿಸಬೇಕಾದ್ದು ಓದು ಅಂತ ಅವರು ವಾದಿಸಿದರು.

ಸರೆಂಡರ್ ವ್ಯಾಲ್ಯೂ ಬರೋದು ಇಲ್ಲಿ. ಇಂಗ್ಲಿಷ್ ಕೋರ್ಸ್ ಎಲ್ಲಾ ತಯಾರಾಗ್ತಾ ಇದ್ದದ್ದು ಕೊನೆತನಕ ಓದಿ ಮೆಟ್ರಿಕ್ಯುಲೇಶನ್ ಪಾಸಾಗುವ ಹುಡುಗನನ್ನು ಮನಸ್ಸಲ್ಲಿ ಇಟ್ಟುಕೊಂಡು. ಆದರೆ ಬಂಗಾಳದ ಶಾಲೆಗಳಲ್ಲಿ ಹೆಚ್ಚಿನ ಮಕ್ಕಳು ಅಷ್ಟು ದೂರ ಬರುತ್ತಲೇ ಇರಲಿಲ್ಲ. ಎರಡು ವರ್ಷ, ಮೂರು ವರ್ಷ ಓದಿ ಬಿಟ್ಟುಬಿಡುತ್ತಿದ್ದರು. ಅಂಥವನು ಏನು ತೆಗೆದುಕೊಂಡು ಹೋದ? ಸ್ವಲ್ಪ ವ್ಯಾಕರಣ, ಒಂದಷ್ಟು ಕ್ರಿಯಾಪದದ ರೂಪ, ಬಾಯಿಪಾಠ ಮಾಡಿದ ನಾಲ್ಕು ವಾಕ್ಯ. ಇದರಲ್ಲಿ ಯಾವುದೂ ಮನೆಗೆ ಹೋದ ಮೇಲೆ ಕೆಲಸಕ್ಕೆ ಬರೋದಿಲ್ಲ. ಸೇತುವೆಯ ಮೂರು ಕಂಬ ಮಾತ್ರ ಕಟ್ಟಿ ನಿಲ್ಲಿಸಿದ ಹಾಗೆ (ನಮ್ಮ ಸಿವಿಲ್ ಗೆಳೆಯರು ಕ್ಷಮಿಸಬೇಕು). ಕೋರ್ಸನ್ನು ಅರ್ಧಕ್ಕೆ ಬಿಟ್ಟವನಿಗೂ ಅವನು ಕೂತ ವರ್ಷಗಳಿಗೆ ತಕ್ಕ ಪ್ರಯೋಜನ ಸಿಗಬೇಕು, ಒಂದು ಪಠ್ಯಕ್ರಮ ಒಳ್ಳೇದೋ ಕೆಟ್ಟದ್ದೋ ಅಂತ ನೋಡುವಾಗ ಇದನ್ನೂ ನೋಡಬೇಕು ಅನ್ನೋದು ವೆಸ್ಟ್ ಅವರ ಹಠ. ಓದುವ ಶಕ್ತಿಗೆ ಈ ಗುಣ ಇದೆ ಅಂತ ಅವರು ಕಂಡುಕೊಂಡರು. ಒಂದೇ ವರ್ಷ ಓದು ಕಲಿತವನು ಒಂದು ವರ್ಷದ ಮಟ್ಟದ ಕಥೆ ಪುಸ್ತಕ ಓದಬಲ್ಲ. ಶಾಲೆ ಬಿಟ್ಟ ಮೇಲೂ ಓದ್ತಾ ಇದ್ದರೆ ಮರೆಯೋದಿಲ್ಲ, ಬೆಳೀತಾನೆ ಕೂಡ.

ಸಮಸ್ಯೆ ಏನಂದರೆ, ಒಂದು ವರ್ಷದ ಮಟ್ಟದ ಕಥೆ ಪುಸ್ತಕ ಅಂತ ಒಂದು ಇರಬೇಕಲ್ಲ? ಇರಲಿಲ್ಲ. ಆಗ ಚಾಲ್ತಿಯಲ್ಲಿದ್ದ ಇಂಗ್ಲಿಷ್ ರೀಡರ್‌ಗಳನ್ನು ವೆಸ್ಟ್ ಬಿಚ್ಚಿ ನೋಡಿದರು. ಎರಡು ದೋಷ ಕಂಡವು. ಒಂದು, ಹಳೇ ಕಾಲದ ಪುಸ್ತಕೀ ಪದಗಳು. ಸೀ ಅನ್ನೋ ಕಡೆ ಬಿಹೋಲ್ಡ್, ಐಲಂಡ್ ಅನ್ನೋ ಕಡೆ ಐಲ್, ಬಿಫೋರ್ ಅನ್ನೋ ಕಡೆ ಎರ್. ಇಂಥವನ್ನು ತೆಗೆದು ದಿನಬಳಕೆಯ ಪದ ಹಾಕಿದರು. ಯಾವುದು ದಿನಬಳಕೆ ಅಂತ ನಿರ್ಧರಿಸೋಕೆ ಅಮೆರಿಕದ ಥಾರ್ನ್‌ಡೈಕ್ 1921ರಲ್ಲಿ ಹೊರತಂದಿದ್ದ 10,000 ಪದಗಳ ಪಟ್ಟಿ ಸಹಾಯಕ್ಕೆ ಬಂತು. ಎರಡನೇ ದೋಷ ಇನ್ನೂ ದೊಡ್ಡದು. ಹೊಸ ಪದಗಳು ಒಂದರ ಮೇಲೊಂದು ಬಿದ್ದು ಬರುತ್ತಿದ್ದವು. ಒಂದು ಪದ ಕಲಿತು ಉಸಿರು ಬಿಡೋದರೊಳಗೆ ಇನ್ನೊಂದು. ವೆಸ್ಟ್ ಈ ಪದಗಳನ್ನು ದೂರದೂರಕ್ಕೆ ಹರಡಿದರು. ಹೊಸದೊಂದು ಪದ ಬಂದರೆ ಮುಂದಿನ ಐವತ್ತು ಅರವತ್ತು ಪದ ಗೊತ್ತಿರುವವೇ ಆಗಿರಬೇಕು, ಕಲಿತದ್ದು ಮತ್ತೆ ಮತ್ತೆ ಕಣ್ಣಿಗೆ ಬೀಳಬೇಕು, ಆಮೇಲೆ ಇನ್ನೊಂದು ಹೊಸದು. ಇದೇ ಮುಂದೆ ವೊಕ್ಯಾಬುಲರಿ ಕಂಟ್ರೋಲ್ ಅನ್ನೋ ಹೆಸರಿನ ದೊಡ್ಡ ಚಳವಳಿಯ ಒಂದು ಬೇರು. ಹೀಗೆ ತಯಾರಾದ ನ್ಯೂ ಮೆಥಡ್ ರೀಡರ್‌ಗಳನ್ನು ಲಾಂಗ್‌ಮನ್ಸ್ ಕಂಪನಿ ಪ್ರಕಟಿಸಿತು. ದೊಡ್ಡ ಕಾದಂಬರಿಗಳನ್ನು ಸಣ್ಣದು ಮಾಡಿ, ಪದಗಳಿಗೆ ಮಿತಿ ಹಾಕಿ ಮಾಡಿದ ತೆಳು ಪುಸ್ತಕಗಳು ಇವತ್ತೂ ಪುಸ್ತಕದಂಗಡಿಯಲ್ಲಿ ಸಿಗುತ್ತವಲ್ಲ, ಆ ಜಾತಿಯ ಪುಸ್ತಕಗಳ ಹಿರಿಯಜ್ಜ ಇವು.

ಇದನ್ನು ಓದುವಾಗ ನಮಗೆ ಫಸ್ಟ್ ಸೆಮಿಸ್ಟರ್ ನೆನಪಾಯಿತು. ಪಿಯುಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಗೆಳೆಯನೊಬ್ಬ ಹಾಸ್ಟೆಲ್‌ನಲ್ಲಿ ನಮ್ಮ ಪಕ್ಕದ ರೂಮಲ್ಲಿದ್ದ. ಮೆಕ್ಯಾನಿಕ್ಸ್ ಪುಸ್ತಕ ತೆರೆದು, ಗೊತ್ತಿಲ್ಲದ ಪದಕ್ಕೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೀತಾ ಹೋಗ್ತಿದ್ದ. ಮೊದಲ ಪುಟ ಮುಗಿಯೋ ಹೊತ್ತಿಗೆ ಪುಟದ ತುಂಬಾ ಗೆರೆ. ಲೆಕ್ಕ ಮಾಡೋದರಲ್ಲಿ ಅವನು ನಮಗಿಂತ ಮುಂದೆ, ಲೆಕ್ಕದ ಪ್ರಶ್ನೆ ಓದೋದರಲ್ಲಿ ಮಾತ್ರ ಹಿಂದೆ. ಮೂರನೇ ಪುಟಕ್ಕೆ ಪುಸ್ತಕ ಮುಚ್ಚಿದ. ನಾವು ಇಂಗ್ಲಿಷ್ ಮೀಡಿಯಂನವರು ಆಗ ಒಳಗೊಳಗೇ ಸ್ವಲ್ಪ ಬೀಗಿದ್ದು ಸುಳ್ಳಲ್ಲ. ಆಮೇಲೆ ಕನ್ನಡ ಸಂಘಕ್ಕೆ ಸೇರಿದಾಗ ಸೀನಿಯರ್ ಒಬ್ಬರು ನಮ್ಮ ಕೈಗೂ ಒಂದು ಕನ್ನಡ ಕಾದಂಬರಿ ಕೊಟ್ಟರು. ನಾವೂ ಪೆನ್ಸಿಲ್ ಹಿಡಿದು ಕೂತೆವು. ನಮ್ಮ ಮೊದಲ ಪುಟವೂ ಹಾಗೇ ಆಯಿತು! ಮನೆಯಲ್ಲಿ ದಿನಾ ಮಾತಾಡೋ ಭಾಷೆ, ಹತ್ತು ವರ್ಷ ಸೆಕೆಂಡ್ ಲ್ಯಾಂಗ್ವೇಜ್ ಅಂತ ಓದಿ ತೊಂಬತ್ತರ ಮೇಲೆ ಮಾರ್ಕ್ಸ್ ತೆಗೆದ ಭಾಷೆ. ಅದರ ಸರೆಂಡರ್ ವ್ಯಾಲ್ಯೂ ಎಷ್ಟು ಅಂತ ಆ ದಿನ ಗೊತ್ತಾಯಿತು.

ಹಾಗಂತ ವೆಸ್ಟ್ ಹೇಳಿದ್ದಕ್ಕೆಲ್ಲ ನಾವು ತಲೆ ಆಡಿಸೋದಿಲ್ಲ. ಯಾರಿಗೆ ಎಷ್ಟು ಇಂಗ್ಲಿಷ್ ಸಾಕು ಅಂತ ನಿರ್ಧರಿಸುವ ಜಾಗದಲ್ಲಿ ಅವರು ಕೂತಿದ್ದರು. ಅದೂ ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿ. ಬಂಗಾಳದ ಅಪ್ಪ ಅಮ್ಮ ಮಗನನ್ನು ಇಂಗ್ಲಿಷ್ ಕಲಿಯೋಕೆ ಕಳಿಸಿದ್ದು ಕೃಷಿ ಪುಸ್ತಕ ಓದಲಿ ಅಂತ ಮಾತ್ರ ಇರಲಿಕ್ಕಿಲ್ಲ. ವಕೀಲ ಆಗಲಿ, ಸರ್ಕಾರಿ ಕೆಲಸ ಸಿಗಲಿ ಅಂತ. ಅದಕ್ಕೆ ಬಾಯಿಯೂ ಬೇಕು. ಇವತ್ತು ನಮ್ಮನ್ನೇ ತೆಗೆದುಕೊಳ್ಳಿ, ಪ್ಲೇಸ್‌ಮೆಂಟ್‌ನ ಎಚ್‌ಆರ್ ರೌಂಡ್‌ನಲ್ಲಿ ಯಾರೂ ಪುಸ್ತಕ ಕೊಟ್ಟು ಮೌನವಾಗಿ ಓದಿ ಅನ್ನೋದಿಲ್ಲ. ವೆಸ್ಟ್ ಇವತ್ತು ಬಂದು ಲೆಕ್ಕ ಹಾಕಿದರೆ ಅವರದ್ದೇ ಸೂತ್ರದಲ್ಲಿ ಬೇರೆ ಉತ್ತರ ಬರಬಹುದು. ಅವರ ಕಾಲದಲ್ಲೂ ಎಲ್ಲರೂ ಒಪ್ಪಿರಲಿಲ್ಲ. ಜಪಾನಿನಲ್ಲಿ ಅದೇ ವರ್ಷಗಳಲ್ಲಿ ಇಂಗ್ಲಿಷ್ ಕಲಿಸುವ ವಿಧಾನದ ಮೇಲೆ ಕೆಲಸ ಮಾಡುತ್ತಿದ್ದ ಹೆರಾಲ್ಡ್ ಪಾಮರ್, ಮಾತು ಮೊದಲು ಅಂತ ನಂಬಿದವರು.

1932ರಲ್ಲಿ ವೆಸ್ಟ್ ಭಾರತ ಬಿಟ್ಟರು. ಮುಂದಿನ ಕೆಲಸ ಕೆನಡಾದ ಟೊರಾಂಟೊದಲ್ಲಿ ನಡೆಯಿತು. ಅಲ್ಲಿ ಅವರು ಮಾಡಿದ್ದನ್ನು ಕೇಳಿದರೆ ಪ್ರೋಗ್ರಾಮಿಂಗ್ ಕಲಿತವರಿಗೆ ಖುಷಿ ಆಗುತ್ತೆ. ನಿಘಂಟಿನಲ್ಲಿ ಒಂದು ಪದ ಹುಡುಕ್ತೀವಿ, ಅರ್ಥದಲ್ಲಿ ಅದಕ್ಕಿಂತ ಕಷ್ಟದ ಪದ ಇರುತ್ತೆ. ಅಂಬುಧಿ ಅಂದರೇನು ಅಂತ ನೋಡಿದರೆ ಶರಧಿ, ಶರಧಿ ಅಂದರೇನು ಅಂತ ನೋಡಿದರೆ ಅರ್ಣವ, ಅರ್ಣವ ಅಂತ ನೋಡಿದರೆ ಮತ್ತೆ ಅಂಬುಧಿ ಅಂತ ಬಂತು ಅಂದ್ಕೊಳ್ಳಿ. ಬೇಸ್ ಕೇಸ್ ಇಲ್ಲದ ರಿಕರ್ಶನ್. ಸಮುದ್ರ ಅಂತ ಒಂದು ಮಾತು ಬರೆದಿದ್ದರೆ ಮುಗೀತಿತ್ತು. ಇಂಗ್ಲಿಷ್ ಕಲಿಯುವವರಿಗೆ ಹೀಗಾಗಬಾರದು ಅಂತ ವೆಸ್ಟ್ ಒಂದು ನಿಯಮ ಮಾಡಿಕೊಂಡರು. ಮೊದಲು ಒಂದಷ್ಟು ಸುಲಭ ಪದ ಆರಿಸಿಕೊಳ್ಳುವುದು, ಆಮೇಲೆ ಉಳಿದ ಪದಗಳ ಅರ್ಥವನ್ನೆಲ್ಲ ಆ ಪದಗಳಲ್ಲಷ್ಟೇ ಬರೆಯುವುದು. ಇದಕ್ಕೆ ಡಿಫೈನಿಂಗ್ ವೊಕ್ಯಾಬುಲರಿ ಅಂತಾರೆ. ಅವರು ಆರಿಸಿದ್ದು 1,490 ಪದ. ಅಷ್ಟರಲ್ಲೇ ಸುಮಾರು 18,000 ಪದ ಮತ್ತು 6,000 ನುಡಿಗಟ್ಟುಗಳನ್ನು ವಿವರಿಸಿದರು! ಜೊತೆಗಿದ್ದವರು ಚೀನಾದಲ್ಲಿ ಮಿಷನರಿಯಾಗಿದ್ದ ಕೆನಡಾದ ಜೇಮ್ಸ್ ಎಂಡಿಕಾಟ್. 1935ರಲ್ಲಿ ಇದು ನ್ಯೂ ಮೆಥಡ್ ಇಂಗ್ಲಿಷ್ ಡಿಕ್ಷನರಿ ಅಂತ ಬಂತು. ಪರಭಾಷಿಕರಿಗೆಂದೇ ಮಾಡಿದ, ಅರ್ಥವನ್ನೂ ಇಂಗ್ಲಿಷಲ್ಲೇ ಕೊಡುವ ಮೊದಲ ನಿಘಂಟು ಅಂತ ಇದನ್ನು ಎಣಿಸುತ್ತಾರೆ. ನಾವು ಇವತ್ತು ಫೋನಲ್ಲಿ ಲರ್ನರ್ಸ್ ಡಿಕ್ಷನರಿ ತೆರೆದಾಗ ಅರ್ಥ ಒಂದೇ ಸಲಕ್ಕೆ ತಲೆಗೆ ಹೋಗುತ್ತಲ್ಲ, ಅದರ ಹಿಂದೆ ಈ ನಿಯಮ ಇದೆ. 1978ರಲ್ಲಿ ಬಂದ ಲಾಂಗ್‌ಮನ್‌ನ ದೊಡ್ಡ ನಿಘಂಟು ಸುಮಾರು 2,000 ಪದಗಳ ಇಂಥದ್ದೇ ಮಿತಿಯಲ್ಲಿ ಬರೆದದ್ದು.

ಇದೇ ಹೊತ್ತಿಗೆ ಸಿ. ಕೆ. ಆಗ್ಡೆನ್ ಅನ್ನೋರು ಬೇಸಿಕ್ ಇಂಗ್ಲಿಷ್ ಅಂತ 850 ಪದಗಳ ಒಂದು ಪುಟ್ಟ ಇಂಗ್ಲಿಷ್ ಮಾಡಿ, ಇಷ್ಟೇ ಸಾಕು ಅಂತ ಪ್ರಚಾರ ಮಾಡ್ತಿದ್ದರು. ವೆಸ್ಟ್ ಸುಮ್ಮನಿರಲಿಲ್ಲ. 1934ರಲ್ಲಿ ಸಹೋದ್ಯೋಗಿಗಳ ಜೊತೆ ಸೇರಿ ಅದನ್ನು ಕಟುವಾಗಿ ವಿಮರ್ಶೆ ಮಾಡಿದ ಒಂದು ಪುಸ್ತಿಕೆ ತಂದರು. ಪದ ಕಡಿಮೆ ಮಾಡಿದ ಮಾತ್ರಕ್ಕೆ ಕಲಿಕೆ ಸುಲಭ ಆಗೋದಿಲ್ಲ. ಎರಡು ಮೂರು ಸಣ್ಣ ಪದ ಸೇರಿ ಹೊಸ ಅರ್ಥ ಕೊಡೋಕೆ ಶುರು ಮಾಡಿದರೆ ಅದನ್ನೂ ಕಲೀಬೇಕಲ್ಲ. ಪುಟ್, ಅಪ್, ವಿತ್ ಮೂರೂ ಗೊತ್ತಿದ್ದವನಿಗೆ ಪುಟ್ ಅಪ್ ವಿತ್ ಅಂದರೆ ಸಹಿಸಿಕೊಳ್ಳೋದು ಅಂತ ತಾನಾಗೇ ಹೊಳೆಯುತ್ತಾ?

1934ರ ಅಕ್ಟೋಬರ್‌ನಲ್ಲಿ ಕಾರ್ನೆಗಿ ಸಂಸ್ಥೆಯ ಹಣದಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಸಭೆ ಸೇರಿತು. ಓದು ಮೊದಲು ಅನ್ನೋ ವೆಸ್ಟ್, ಮಾತು ಮೊದಲು ಅನ್ನೋ ಪಾಮರ್, ಪದ ಎಣಿಸುವ ಥಾರ್ನ್‌ಡೈಕ್, ಜೊತೆಗೆ ಲಾರೆನ್ಸ್ ಫಾಸೆಟ್. ದಾರಿ ಬೇರೆ ಆದರೂ ಎಲ್ಲರಿಗೂ ಬೇಕಾಗಿದ್ದದ್ದು ಒಂದೇ: ಮೊದಲು ಯಾವ ಪದ ಕಲಿಸಬೇಕು ಅನ್ನೋ ಒಪ್ಪಿತ ಪಟ್ಟಿ. 1936ರಲ್ಲಿ ಮಧ್ಯಂತರ ವರದಿ ಬಂತು. ಆಮೇಲೆ ಯುದ್ಧ. ಪಾಮರ್ 1949ರಲ್ಲಿ ತೀರಿಕೊಂಡರು. ಕೊನೆಗೆ ವೆಸ್ಟ್ ಸಂಪಾದಕರಾಗಿ 1953ರಲ್ಲಿ ಪಟ್ಟಿಯನ್ನು ಪುಸ್ತಕವಾಗಿ ಹೊರತಂದರು. ಅದೇ ಜನರಲ್ ಸರ್ವಿಸ್ ಲಿಸ್ಟ್. ಸುಮಾರು 2,000 ಪದ. ಐವತ್ತು ಲಕ್ಷ ಪದಗಳಷ್ಟು ಬರಹದಲ್ಲಿ ಯಾವುದು ಎಷ್ಟು ಸಲ ಬಂತು ಅನ್ನೋ ಎಣಿಕೆ, ಅದಕ್ಕಿಂತ ಮುಖ್ಯವಾಗಿ ಒಂದೇ ಪದದ ಬೇರೆ ಬೇರೆ ಅರ್ಥಗಳಲ್ಲಿ ಯಾವುದು ನೂರಕ್ಕೆ ಎಷ್ಟು ಸಲ ಬರುತ್ತೆ ಅನ್ನೋ ಲೆಕ್ಕವೂ ಅದರಲ್ಲಿತ್ತು. ಬರೀ ಎಣಿಕೆಯಲ್ಲಿ ಮೇಲೆ ಬಂದಿದ್ದಕ್ಕೆ ಪದ ಒಳಗೆ ಬರಲಿಲ್ಲ. ಕಲಿಯೋಕೆ ಸುಲಭವಾ, ಇದರ ಕೆಲಸವನ್ನು ಇನ್ನೊಂದು ಪದ ಮಾಡುತ್ತಾ, ಇದಿಲ್ಲದಿದ್ದರೆ ಹೇಳೋಕಾಗದ ವಿಷಯ ಇದೆಯಾ ಅಂತೆಲ್ಲ ನೋಡಿ ಆರಿಸಿದರು. ಕಂಪ್ಯೂಟರ್ ಇಲ್ಲದ ಕಾಲದ ಎಣಿಕೆ ಅದು. ಕೂತು ಓದಿ ಕೈಯಲ್ಲಿ ಗುರುತು ಹಾಕಿದ್ದು.

ನಮಗೆ ಹುಮ್ಮಸ್ಸು ಬಂತು. ಕನ್ನಡಕ್ಕೂ ಒಂದು ಪಟ್ಟಿ ಮಾಡೋಣ, ನಮ್ಮ ಥರ ಓದೋಕೆ ತಡವರಿಸುವವರಿಗೆ ಉಪಯೋಗ ಆಗುತ್ತೆ ಅಂತ, ಈ ಪತ್ರಿಕೆಯ ಹಳೇ ಸಂಚಿಕೆಗಳನ್ನು ಹಾಕಿ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆವು. ಹತ್ತು ಸಾಲಿನ ಕೋಡ್. ರನ್ ಮಾಡಿದರೆ ಮನೆ ಒಂದು ಕಡೆ, ಮನೆಗೆ ಇನ್ನೊಂದು ಕಡೆ, ಮನೆಯಲ್ಲಿ, ಮನೇಲಿ, ಮನೆಯಿಂದ, ಮನೆಯವರಿಗೂ ಎಲ್ಲಾ ಬೇರೆ ಬೇರೆ ಪದ ಅಂತ ಎಣಿಸಿ ಕೂತಿದೆ! ಸಂಧಿ ಆದವು ಇನ್ನೂ ಗೊಂದಲ. ಇಂಗ್ಲಿಷ್‌ನಲ್ಲಿ ಟು, ಇನ್, ಫ್ರಂ ಅಂತ ಬೇರೆ ನಿಲ್ಲುವ ಕೆಲಸಗಳೆಲ್ಲ ನಮ್ಮಲ್ಲಿ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ಅಂದರೆ ಕನ್ನಡ ಕಲಿಯುವವರಿಗೆ ಪದಗಳ ಪಟ್ಟಿ ಜೊತೆಗೆ ಬಾಲಗಳ ಪಟ್ಟಿಯೂ ಬೇಕು. ಪ್ರೋಗ್ರಾಂ ಅಲ್ಲಿಗೇ ನಿಂತಿದೆ. ವಿಭಕ್ತಿ ಪ್ರತ್ಯಯವನ್ನು ಹೈಸ್ಕೂಲಲ್ಲಿ ಯಾಕಪ್ಪಾ ಬಾಯಿಪಾಠ ಮಾಡಿಸ್ತಾರೆ ಅಂತ ಗೊಣಗಿದವರಿಗೆ ಈಗ ಅದೇ ಟೇಬಲ್ ಬೇಕಾಗಿದೆ.

ವೆಸ್ಟ್ ಅವರ ಪುಸ್ತಕಗಳಲ್ಲಿ ನಮಗೆ ಶೀರ್ಷಿಕೆಯಿಂದಲೇ ಇಷ್ಟವಾದದ್ದು 1960ರದ್ದು: ಟೀಚಿಂಗ್ ಇಂಗ್ಲಿಷ್ ಇನ್ ಡಿಫಿಕಲ್ಟ್ ಸರ್ಕಮ್‌ಸ್ಟಾನ್ಸಸ್. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಬೋಧನಾ ವಿಧಾನದ ಪುಸ್ತಕಗಳು ಸಾಮಾನ್ಯವಾಗಿ ಮನಸ್ಸಲ್ಲಿ ಇಟ್ಟುಕೊಳ್ಳೋದು ಹದಿನೈದು ಇಪ್ಪತ್ತು ಮಕ್ಕಳ ನೀಟಾದ ಕ್ಲಾಸು. ವೆಸ್ಟ್ ಬರೆದದ್ದು ಮೂವತ್ತಕ್ಕಿಂತ ಹೆಚ್ಚು, ನಲವತ್ತು ಐವತ್ತು ಮಕ್ಕಳು ಉದ್ದ ಬೆಂಚಿನಲ್ಲಿ ಒತ್ತಿಕೊಂಡು ಕೂತ, ಸೆಖೆಯ, ಒಂದೇ ಕ್ಲಾಸಲ್ಲಿ ಹತ್ತು ಮಟ್ಟದವರಿರುವ, ಮೇಷ್ಟ್ರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ ಅನ್ನೋ ಕೋಣೆಯ ಬಗ್ಗೆ. ಡಿಫಿಕಲ್ಟ್ ಸರ್ಕಮ್‌ಸ್ಟಾನ್ಸಸ್ ಅನ್ನೋದು ಆಮೇಲೆ ಆ ಕ್ಷೇತ್ರದ ಪಾರಿಭಾಷಿಕ ಪದವೇ ಆಗಿಹೋಯಿತು. ನಮಗೆ ಅದನ್ನು ಓದಿ ನಗು ಬಂತು, ಯಾಕಂದರೆ ಅವರು ಕಷ್ಟ ಅಂತ ಹೆಸರಿಟ್ಟಿದ್ದನ್ನು ನಮ್ಮ ಊರುಗಳಲ್ಲಿ ಬರೀ ಕ್ಲಾಸ್‌ರೂಂ ಅಂತೀವಿ.

ಅಂಥ ಕೋಣೆಗೆ ಅವರು ಹೇಳಿದ ಒಂದು ಉಪಾಯ ಇದೆ, ರೀಡ್ ಅಂಡ್ ಲುಕ್ ಅಪ್. ಯಂತ್ರ ಬೇಡ, ಚಾರ್ಟ್ ಬೇಡ, ಮೇಷ್ಟ್ರು ಪಕ್ಕಾ ಇಂಗ್ಲಿಷ್ ಮಾತಾಡಬೇಕು ಅಂತಲೂ ಇಲ್ಲ. ಇಬ್ಬಿಬ್ಬರು ಎದುರುಬದುರು ಕೂರೋದು. ಒಬ್ಬ ಪುಸ್ತಕದಲ್ಲಿ ಒಂದು ವಾಕ್ಯವನ್ನು ಮನಸ್ಸಲ್ಲೇ ಓದಿಕೊಂಡು, ತಲೆ ಎತ್ತಿ, ಎದುರಿನವನ ಮುಖ ನೋಡಿ ಹೇಳೋದು. ಪುಸ್ತಕ ನೋಡ್ತಾ ಬಾಯಿ ತೆರೆಯೋ ಹಾಗಿಲ್ಲ. ಮರೆತರೆ ಮತ್ತೆ ಕೆಳಗೆ ನೋಡಬಹುದು, ಎಷ್ಟು ಸಲ ಬೇಕಾದರೂ. ಒಂದೊಂದೇ ಪದ ಕಿತ್ತು ಕಿತ್ತು ಓದುವವನಿಗೆ ವಾಕ್ಯವನ್ನು ಇಡಿಯಾಗಿ ತಲೆಯಲ್ಲಿ ಹಿಡಿದುಕೊಳ್ಳದೆ ಬೇರೆ ದಾರಿಯೇ ಇರೋದಿಲ್ಲ. ಓದು ಮೊದಲು ಅಂತ ಜೀವನವೆಲ್ಲ ವಾದಿಸಿದವರು ಮಾತಿಗೆ ಹೋಗೋಕೆ ಕೊಟ್ಟ ದಾರಿ ಇದು. ಹಾಗಾಗಿ ಅವರ ಮೇಲಿದ್ದ ನಮ್ಮ ಹಳೇ ತಕರಾರು ಇಲ್ಲಿ ಸ್ವಲ್ಪ ತಣ್ಣಗಾಯಿತು.

ಮೈಕಲ್ ವೆಸ್ಟ್ 1973ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರ ಢಾಕಾ ಸ್ವತಂತ್ರ ಬಾಂಗ್ಲಾದೇಶದ ರಾಜಧಾನಿ. ಭಾಷೆಯ ಹೆಸರಲ್ಲೇ ಹೋರಾಟ ಶುರು ಮಾಡಿ ದೇಶವಾದ ದೇಶ ಅದು. ಮನಸ್ಸಿನ ಮಾತಿಗೆ ಬಂಗಾಳಿ ಸಾಕಷ್ಟು ದೊಡ್ಡದು ಅಂತ ಅವರು 1926ರಲ್ಲಿ ಬರೆದಿದ್ದರು. ಅದು ಎಷ್ಟು ದೊಡ್ಡದು ಅಂತ ಅವರಿಗೂ ಆಗ ಗೊತ್ತಿದ್ದಿರಲಾರದು.

ಕಳೆದ ತಿಂಗಳಿಂದ ಸಂಘದ ರೂಮಲ್ಲಿ ಸಂಜೆ ಕ್ಲಾಸ್ ಮುಗಿದ ಮೇಲೆ ನಾವು ರೀಡ್ ಅಂಡ್ ಲುಕ್ ಅಪ್ ಮಾಡ್ತಿದ್ದೀವಿ. ಮೆಕ್ಯಾನಿಕ್ಸ್ ಪುಸ್ತಕ ಮುಚ್ಚಿಟ್ಟಿದ್ದ ಆ ಗೆಳೆಯ ಮತ್ತು ನಾವು ಎದುರುಬದುರು. ಅರ್ಧ ಗಂಟೆ ಅವನು ಥರ್ಮೋಡೈನಾಮಿಕ್ಸ್ ಪುಸ್ತಕದಿಂದ ಇಂಗ್ಲಿಷಲ್ಲಿ ಹೇಳ್ತಾನೆ, ಆಮೇಲೆ ಅರ್ಧ ಗಂಟೆ ನಾವು ಆ ಕಾದಂಬರಿಯಿಂದ ಕನ್ನಡದಲ್ಲಿ. ಉದ್ದ ವಾಕ್ಯ ಬಂದರೆ ನಾವು ಮೂರು ಸಲ ಕೆಳಗೆ ನೋಡ್ತೀವಿ, ಅವನು ಎರಡೇ ಸಲ. ನಲವತ್ತೊಂದನೇ ಪುಟದಲ್ಲಿದ್ದೀವಿ.